ಸಾವಿತ್ರಮ್ಮನ ಬಿಳಿ ನೆಲ

ಸಾವಿತ್ರಮ್ಮ ನನ್ನ ಮುಖ ನೋಡಿ ಮಾತಾಡಿದ್ದು ಬಹಳ ಕಡಿಮೆ. ಅವರ ಕಣ್ಣು ಯಾವಾಗಲೂ ನನ್ನ ಪಿಕಪ್ ಗಾಡಿಯ ಕೆಳಗಿನ ನೆಲದ ಮೇಲೇ ಇರುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ, ಕಳೆದುಹೋದ ಮೂಗುಬೊಟ್ಟು ಹುಡುಕುವವರ ಹಾಗೆ ಚಕ್ರದ ಹಿಂದೆ ಮುಂದೆ ನೋಡುವರು. ಒಂದು ಕೆಂಪು ಹನಿ ಕಂಡಿತೋ, ಮುಗಿಯಿತು ನನ್ನ ಕಥೆ.

"ಮಹೇಶ್ ಅವರೇ, ಬನ್ನಿ ಇಲ್ಲಿ. ನಿಮ್ಮ ಗಾಡಿ ಮತ್ತೆ ಉಚ್ಚೆ ಹೊಯ್ದಿದೆ, ನೋಡಿ."

ಮಾಮೂಲಿ ದಿನಗಳಲ್ಲಿ ನಾನು ಬರೀ ಮಹೇಶ, 'ನೀನು', 'ಕಣೋ'. ಸಿಟ್ಟು ಬಂದರೆ ಮಾತ್ರ ಬಹುವಚನ. ಬಸವೇಶ್ವರನಗರದ ಅವರ ಮನೆಯ ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದಷ್ಟು ಕಾಲ ನನಗೆ ಸಿಕ್ಕಷ್ಟು ಮರ್ಯಾದೆ ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ.

ಗೇಟಿನೊಳಗಿನ ಪೋರ್ಟಿಕೋಗೆ ಬಿಳಿ ಟೈಲ್ಸ್ ಹಾಕಿಸಿದವರು ಅವರ ಯಜಮಾನರು. ಹಾಕಿಸಿದ ವರ್ಷವೇ ತೀರಿಕೊಂಡರಂತೆ. ಅಂದಿನಿಂದ ಆ ನೆಲವನ್ನು ಸಾವಿತ್ರಮ್ಮ ಬೆಳಿಗ್ಗೆಯೂ ಸಂಜೆಯೂ ಒರೆಸುತ್ತಿದ್ದರು. ಅಲ್ಲ ಸ್ವಾಮಿ, ನೆಲದ ಮೇಲೆ ಅಷ್ಟು ಪ್ರಾಣವಿದ್ದರೆ ಗಾಡಿ ಇರುವವನಿಗೆ ಮನೆ ಯಾಕೆ ಕೊಡಬೇಕಿತ್ತು? ನನ್ನದು ಅಡುಗೆ ಕಂಟ್ರ್ಯಾಕ್ಟರ್‌ಗಳ ಪಾತ್ರೆ ಸಾಗಿಸುವ ಕೆಲಸ. ಮದುವೆ ಮುಗಿಸಿ ವಾಪಸ್ ಬರುವಾಗ ಪಾತ್ರೆಗಳ ತಳದ ಹುಳಿ, ಮಜ್ಜಿಗೆ ಎಲ್ಲ ಚೆಲ್ಲಿ, ಹಿಂದಿನ ರಬ್ಬರ್ ಹಾಸಿನ ಕೆಳಗೆ ಸೇರುತ್ತಿತ್ತು. ನಾನೂ ಪೈಪ್ ಹಿಡಿದು ತೊಳೆಯುತ್ತಿದ್ದೆ. ಕಣ್ಣಿಗೆ ಕಾಣುವ ಕಡೆಯೆಲ್ಲ ಗಾಡಿ ಫಳಫಳ ಹೊಳೆಯುತ್ತಿತ್ತು. ಕೈ ಹೋಗದ ಸಂದಿಗಳಲ್ಲಿ ಮಾತ್ರ ಉಪ್ಪುನೀರು ಕೂತು ತುಕ್ಕು ಹಿಡಿಯುತ್ತಿತ್ತು. ಅದೇ ಹನಿಹನಿಯಾಗಿ ಅವರ ನೆಲಕ್ಕೆ ಬೀಳುತ್ತಿತ್ತು.

ಒಂದು ಮಳೆಗಾಲ ಇದ್ದಕ್ಕಿದ್ದ ಹಾಗೆ ಹನಿ ನಿಂತುಹೋಯಿತು. ಸಾವಿತ್ರಮ್ಮ ಬೈಯುವುದನ್ನೂ ನಿಲ್ಲಿಸಿದರು. ಒಂದು ದಿನ ನನ್ನ ಹೆಂಡತಿ ಮಂಜುಳಾಗೆ ಹೆಸರುಕಾಳು ಉಸಲಿಯನ್ನೂ ಕೊಟ್ಟು ಕಳಿಸಿದರು. ದೇವರೇ ಕಣ್ಣು ಬಿಟ್ಟ ಅಂದುಕೊಂಡು ನಾನೂ ಆರಾಮಾಗಿದ್ದೆ.

ಆ ವರ್ಷ ಗಾಡಿಗೆ ಎಫ್‌ಸಿ ಮಾಡಿಸಬೇಕಿತ್ತು. ಗಾಡಿ ರಸ್ತೆಗೆ ಯೋಗ್ಯ ಎಂದು ಸರ್ಕಾರದವರು ಒಪ್ಪದಿದ್ದರೆ ಬಾಡಿಗೆ ಓಡಿಸುವ ಹಾಗಿಲ್ಲ. ಅದಕ್ಕೆ ಮುಂಚೆ ಒಂದು ಸಲ ತೋರಿಸಿಬಿಡೋಣ ಅಂತ ನಾಯಂಡಹಳ್ಳಿಯ ಟಿಂಕರ್ ಸಲೀಂ ಭಾಯ್ ಹತ್ತಿರ ಹೋದೆ. ಅವರು ಡ್ರೈವರ್ ಬಾಗಿಲನ್ನು ಅಲ್ಲಾಡಿಸಿದರು. ಒಳಗೆ ನೀರು ಗಳಗಳ ಅಂದಿತು.

"ಏನ್ ಗುರು, ಬಾಗಿಲೊಳಗೆ ಮೀನು ಸಾಕಿದೀಯಾ?"

ಬಾಗಿಲಿನ ಕೆಳ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳ ಮುರಿದ ಹಾಗೆ ತಗಡು ಒಳಗೆ ಹೋಯಿತು, ಕೆಂಪು ನೀರು ಅವರ ಕಾಲ ಮೇಲೆ ಸುರಿಯಿತು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಹೊರಗೆ ಹೋಗಲಿ ಅಂತ ಕಂಪನಿಯವರೇ ಕೆಳಗೆ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಆ ತೂತುಗಳಿಗೆಲ್ಲ ಯಾರೋ ನಲ್ಲಿ ಸೋರಿದರೆ ಮೆತ್ತುವ ಪುಟ್ಟಿ ಮೆತ್ತಿದ್ದರು. ಪಾತ್ರೆ ಹೇರುವ ಹಿಂದಿನ ತೊಟ್ಟಿಯ ಮೂಲೆಗಳಲ್ಲೂ ಅದೇ ಪುಟ್ಟಿ. ಮೇಲೆ ಹೆಬ್ಬೆರಳಿನ ಗುರುತು ಬೇರೆ!

ಯಾರು ಅಂತ ಕೇಳುವುದೇ ಬೇಕಿರಲಿಲ್ಲ. ಆ ಗಾಡಿಯನ್ನು ಯಾವ ಮುಖ ಇಟ್ಟುಕೊಂಡು ಎಫ್‌ಸಿಗೆ ಒಯ್ಯಲಿ? ಮನೆಗೆ ಬಂದವನೇ ಗೇಟಿನಲ್ಲೇ ಕಿರುಚಿದೆ.

"ಹೌದು, ನಾನೇ ಮೆತ್ತಿದ್ದು," ಅಂದರು ಸಾವಿತ್ರಮ್ಮ, ನೆಲ ನೋಡುತ್ತಲೇ. "ತೂತಿದ್ರೆ ಸೋರುತ್ತೆ, ಸೋರಿದ್ರೆ ಮುಚ್ಚಬೇಕು. ಇದ್ರಲ್ಲಿ ಏನ್ರೀ ತಪ್ಪು?"

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ ಆಂಟಿ! ಮದುವೆ ಸೀಸನ್‌ನಲ್ಲಿ ಗಾಡಿ ನಿಲ್ಲಿಸ್ಕೊಂಡು ನಾನೇನು ಮಣ್ಣು ತಿನ್ಲಾ?"

"ನನ್ನ ನೆಲ ಹಾಳಾಗುವಾಗ ನಿಮಗೇನೂ ಅನ್ನಿಸ್ಲಿಲ್ವಲ್ಲ?"

"ಮನೆ ಖಾಲಿ ಮಾಡ್ತೀನಿ."

"ಮಾಡಿ. ಹೋಗೋವಾಗ ನೆಲ ಒರೆಸಿ ಹೋಗಿ."

ಇಂಥ ಹೆಂಗಸನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕರಕರ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದರೆ, ಸಾವಿತ್ರಮ್ಮ ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಕಾಯಿ ಎಬ್ಬುವ ಚಾಕುವಿನಿಂದ ಪುಟ್ಟಿ ಕೀಳುತ್ತಿದ್ದಾರೆ. ಬೆರಳು ತರಚಿತ್ತು. ಕಿತ್ತ ಪ್ರತಿ ತೂತಿಗೂ ಕಡ್ಡಿಪೊರಕೆಯ ಒಂದು ಕಡ್ಡಿ ತೂರಿಸಿ ತಿರುಗಿಸುತ್ತಿದ್ದರು. ಕೆಂಪು ನೀರು ಅವರ ನೆಲದ ಮೇಲೆ ಧಾರೆಯಾಗಿ ಹರಿಯುತ್ತಿತ್ತು.

"ನೋಡ್ತಾ ನಿಂತ್ಕೋಬೇಡಿ. ಆ ರಬ್ಬರ್ ಎತ್ತಿ ಬಿಸಿಲಿಗೆ ಹಾಕಿ. ಅದರ ಕೆಳಗೆ ಹೋದ ತಿಂಗಳ ಹುಳಿ ಇದೆ, ನಾರ್ತಾ ಇದೆ."

ತಪ್ಪಾಯ್ತು ಅಂತ ಒಂದು ಮಾತು? ಉಹುಂ. ಅಂದಿನಿಂದ ನಾನು ಗಾಡಿ ತೊಳೆದಾಗಲೆಲ್ಲ ಅವರು ಕಡ್ಡಿ ಹಿಡಿದು ಹಾಜರಾಗುತ್ತಿದ್ದರು. ತೂತುಗಳಿಗೆ ಕಡ್ಡಿ ಆಡಿಸುವುದು, ರಬ್ಬರ್ ಒಣಗಿದೆಯೋ ಅಂತ ಮುಟ್ಟಿ ನೋಡುವುದು, ನನ್ನನ್ನು ಬೈಯುವುದು. ಸಲೀಂ ಭಾಯ್ ಕೊಳೆತ ಅಂಚನ್ನು ಕತ್ತರಿಸಿ ಹೊಸ ತಗಡು ಬೆಸೆದರು, ಬಾಗಿಲೊಳಗೆಲ್ಲ ತುಕ್ಕು ತಡೆಯುವ ಎಣ್ಣೆ ಹೊಡೆದರು. ಅದರ ವಾಸನೆಗೂ ಸಾವಿತ್ರಮ್ಮ ಬೈದರು. ನಾನು ಅವರನ್ನು ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಹಟಕ್ಕೆ ಬಿದ್ದು ಮನೆ ಖಾಲಿ ಮಾಡಿ ದೀಪಾಂಜಲಿ ನಗರಕ್ಕೆ ಹೋದೆ.

ಕೊನೆಗೂ ಎಫ್‌ಸಿ ಆಯಿತು. ಆದ ದಿನವೇ ಅವರ ಹೊಟ್ಟೆ ಉರಿಸೋಣ ಅಂತ ಗಾಡಿ ತೆಗೆದುಕೊಂಡು ಹೋದೆ. ಗೇಟಿನ ಹೊರಗೆ ನಿಲ್ಲಿಸಿ, "ಪಾಸಾಯ್ತು ಆಂಟಿ!" ಅಂದೆ. ಅವರು ತುಂಬ ಇಳಿದುಹೋಗಿದ್ದರು, ಗೋಡೆ ಹಿಡಿದು ನಡೆಯುತ್ತಿದ್ದರು. ನೆಲ ಮಾತ್ರ ಹಾಲಿನಂತಿತ್ತು.

"ಒಳಗೆ ತಂದು ನಿಲ್ಲಿಸು," ಅಂದರು.

"ಬೇಡ ಆಂಟಿ, ನೆಲ..."

"ನಿಲ್ಲಿಸೋ ಅಂದ್ರೆ."

ನಿಲ್ಲಿಸಿದೆ. ಅವರು ಒಂದು ಚೊಂಬು ನೀರು ತಂದು, ಬಾಗಿಲಿನ ಗಾಜಿನ ಸಂದಿಗೆ ನಿಧಾನವಾಗಿ ಹೊಯ್ದರು. ಆಮೇಲೆ ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ, ಉಸಿರು ಬಿಗಿಹಿಡಿದು ಕಾದರು. ನಾನೂ ಬಗ್ಗಿದೆ. ಕೆಳಗಿನ ತೂತುಗಳಿಂದ ನೀರು ತೊಟತೊಟ ಅಂತ ಬಿಳಿ ಟೈಲ್ಸಿನ ಮೇಲೆ ಬಿತ್ತು. ಸಾವಿತ್ರಮ್ಮ ಬೆರಳಲ್ಲಿ ಅದನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಕೆಂಪಿಲ್ಲ ಕಣೋ," ಅಂದರು. ಅವತ್ತು ನನ್ನ ಮುಖ ನೋಡಿಯೇ ಅಂದರು. ಮರುಕ್ಷಣವೇ, "ಈಗ ತೆಗಿ ಗಾಡೀನ, ನೆಲ ಒರೆಸ್ಬೇಕು."

ಆಮೇಲೆ ನಾನು ಅವರನ್ನು ನೋಡಿದ್ದು ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದ್ದಾಗ. ಗಾಡಿಯನ್ನು ಬೀದಿಯಲ್ಲೇ ಬಿಟ್ಟು ಗೇಟಿನ ಹತ್ತಿರ ನಿಂತೆ. ಮಳೆ ಬಂದು ನಿಂತಿತ್ತು. ನೆಂಟರು, ಅಕ್ಕಪಕ್ಕದವರು ಕೆಸರು ಚಪ್ಪಲಿಯಲ್ಲೇ ಒಳಗೆ ಹೊರಗೆ ಓಡಾಡುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ರೀ, ಸ್ವಲ್ಪ ಚಪ್ಪಲಿ ಬಿಟ್ಟು ಬನ್ರೀ!" ಎಂದು ಕೂಗಿದೆ. "ನೆಲ ಗಲೀಜಾಗ್ತಾ ಇದೆ, ಕಾಣಲ್ವಾ ನಿಮಗೆ?"