ನೇಕಾರರ ಕಿವಿಯ ಖಬರ ಕಾಯುವ ಅಸ್ಮಾ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗುರುಸಿದ್ದವ್ವನ ಮನೆಯ ಒಳಕೋಣೆಯ ಬಾಗಿಲಿಗೂ ಕಿಟಕಿಗೂ ದಪ್ಪ ಕೌದಿಗಳು ಇಳಿಬಿದ್ದಿವೆ. ಹೊರಗಿನ ಸದ್ದು ಒಳಗೆ ನುಸುಳದಿರಲೆಂದು ಈ ಏರ್ಪಾಡು. ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತವರು ವಿದ್ಯುತ್ ಮಗ್ಗದ ಕೆಲಸಗಾರರೊಬ್ಬರು. ಅವರ ಹೆಸರು ಬರೆಯಬಾರದೆಂದು ಅಸ್ಮಾ ನನಗೆ ಮೊದಲೇ ಹೇಳಿದ್ದಾಳೆ.

“ಸಣ್ಣಗ ಪೀಂ ಅಂತೈತ್ರಿ ಕಾಕಾ. ಎಷ್ಟ ಸಣ್ಣಗ ಕೇಳಿದ್ರೂ ಕೈ ಎತ್ರಿ. ಕೇಳಲಿಲ್ಲಂದ್ರ ಸುಮ್ಮನ ಕುಂಡ್ರಿ. ತಪ್ಪು-ಒಪ್ಪು ಏನಿಲ್ಲ ಇದರಾಗ,” ಎನ್ನುತ್ತ ಅವಳು ಹೆಡ್‌ಫೋನ್ ಅವರ ಕಿವಿಗೇರಿಸಿ, ಬೆನ್ನ ಹಿಂದೆ ಯಂತ್ರದ ಮುಂದೆ ಕೂರುತ್ತಾಳೆ. ಗುಂಡಿ ಒತ್ತುತ್ತಾಳೆ. ಕೈ ಏಳುತ್ತದೆ. ಇನ್ನೊಮ್ಮೆ ಒತ್ತಿದಾಗಲೂ ಏಳುತ್ತದೆ. ಸ್ವರ ಕೀರಲಾಗುತ್ತ ಹೋದಂತೆ ಮಾತ್ರ ಕೈ ತೊಡೆಯ ಮೇಲೇ ಉಳಿಯುತ್ತದೆ. ಅಸ್ಮಾ ಸದ್ದು ಏರಿಸುತ್ತಾಳೆ, ಮತ್ತೂ ಏರಿಸುತ್ತಾಳೆ. ಮೂಲೆಯಲ್ಲಿ ನಿಂತ ನನಗೇ ಹೆಡ್‌ಫೋನಿನಾಚೆ ಅದು ಕೇಳುತ್ತಿದೆ. ಕಾಕಾನ ಕೈ ಏಳುವುದಿಲ್ಲ.

ಅಸ್ಮಾಗೆ ಇಪ್ಪತ್ತೆರಡು ವರ್ಷ. ಪಕ್ಕದ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಶ್ರವಣ ವಿಜ್ಞಾನ ಓದುತ್ತ, ಅಲ್ಲಿನ ಪ್ರಯೋಗಾಲಯದಲ್ಲೇ ಸಂಶೋಧನಾ ಸಹಾಯಕಿಯಾಗಿದ್ದಾಳೆ. ಮಗ್ಗದ ಸದ್ದು ನೇಕಾರರ ಕಿವಿಗೆ ಎಷ್ಟು ಪೆಟ್ಟು ಕೊಡುತ್ತದೆ ಎಂಬ ಅಧ್ಯಯನ ಅವಳ ಪ್ರಾಧ್ಯಾಪಕರದು. ಅದಕ್ಕೆ ಬೇಕಾದ ಅಳತೆಗಳನ್ನು ತರುವವರು ಅಸ್ಮಾ ಮತ್ತು ಅವಳ ಸಹಪಾಠಿ, ಅಸುಂಡಿಯ ನಂದೀಶ. ನಂದೀಶ ಬೈಕಿಗೆ ಯಂತ್ರದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾನೆ. ಮೊದಲು ಒಬ್ಬರ ಕಿವಿಯನ್ನೊಬ್ಬರು ಪರೀಕ್ಷಿಸಿ ಯಂತ್ರ ಸರಿಯಿದೆಯೇ ನೋಡಿಕೊಳ್ಳುತ್ತಾರೆ. ಒಬ್ಬ ಕೆಲಸಗಾರನಿಗೆ ಅರ್ಧ ತಾಸು ಬೇಕು. ಏಳಕ್ಕೆ ಮಗ್ಗ ಶುರುವಾಗುವುದರೊಳಗೆ ಮೂವರದು ಮುಗಿದರೆ ಹೆಚ್ಚು. ಮಗ್ಗದ ಮುಂದಿನಿಂದ ಎದ್ದು ಬಂದ ಕಿವಿ ಕೆಲ ಹೊತ್ತು ಮಂಕಾಗಿರುತ್ತದೆ, ಅಳತೆ ತಪ್ಪುತ್ತದೆ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕಿವಿಯೇ ಆಗಬೇಕು. ಆಮೇಲೆ ಬಸ್ಸು, ತರಗತಿ, ಸಂಜೆ ಪ್ರಯೋಗಾಲಯದ ಕಂಪ್ಯೂಟರು.

ಅಸ್ಮಾ ಇದೇ ಓಣಿಯ ಹುಡುಗಿ. ತಂದೆ ಖಾಸಿಂಸಾಬ ವಿದ್ಯುತ್ ಮಗ್ಗ ನಡೆಸುತ್ತಲೇ ಮಕ್ಕಳನ್ನು ಬೆಳೆಸಿದವರು. “ಸಣ್ಣಾಕಿದ್ದಾಗ ಅಬ್ಬಾಗ ನನ್ನ ಮ್ಯಾಲೆ ಸಿಟ್ಟೈತಿ ಅಂತ ತಿಳದಿದ್ನಿರಿ. ಶಾಲಿಯಿಂದ ಬಂದು ಏನರ ಹೇಳಿದ್ರ ತಿರುಗಿ ನೋಡ್ತಿರಲಿಲ್ಲ. ಮೊದಲನೇ ವರ್ಷದ ಪಾಠದಾಗ ಸದ್ದಿನಿಂದ ಕಿವಿ ಹೋಗೂದರ ಬಗ್ಗೆ ಹೇಳಿದ್ರು. ನಾ ಪುಸ್ತಕ ಮುಚ್ಚಿ ಹೊರಗ ಬಂದ್ನಿ,” ಎನ್ನುತ್ತಾಳೆ.

ಅಧ್ಯಯನ ಶುರುವಾದದ್ದು ಖಾಸಿಂಸಾಬ ದುಡಿಯುತ್ತಿದ್ದ ಶೆಡ್ಡಿನಲ್ಲೇ. ಮಾಲೀಕರೇ ಒಪ್ಪಿ ದಾಸ್ತಾನು ಕೋಣೆ ಬಿಟ್ಟುಕೊಟ್ಟಿದ್ದರು. ಪ್ರತಿಯೊಬ್ಬ ಕೆಲಸಗಾರನಿಗೂ ಅಸ್ಮಾ ಒಂದೇ ಮಾತು ಕೊಟ್ಟಿದ್ದಳು: ನಿಮ್ಮ ಕಿವಿಯ ಖಬರ ನಿಮಗಷ್ಟೇ. ಕೊನೆಗೆ ಅಪ್ಪನೂ ಬಂದು ಅವಳ ಮುಂದೆ ಕೂತರು.

ಪರೀಕ್ಷೆಗಳು ಅರ್ಧಕ್ಕೆ ಬಂದಾಗ ಮಾಲೀಕರು ಅವಳನ್ನು ಕರೆದರು. “ಯಾರ್ಯಾರ ಕಿವಿ ಹೋಗ್ಯಾವ, ಅಷ್ಟ ಹೇಳು ತಂಗಿ. ಮಷಿನ್ ಬಂದ್ ಮಾಡಂದಾಗ ಕೇಳಲಿಲ್ಲಂದ್ರ ಕೈ ಹೋಗ್ತೈತಿ. ಕೇಸ್ ಬರೂದು ನನ್ನ ಮ್ಯಾಲೆ.”

“ಅದನ್ನ ಹೇಳಾಕ ಬರೂದಿಲ್ರಿ. ಮಾತು ಕೊಟ್ಟೀನಿ. ಎಲ್ಲಾರಿಗೂ ಕಾಣೂಹಂಗ ಒಂದು ಕೆಂಪು ದೀಪ ಹಾಕಸ್ರಿ. ಅದು ಹತ್ತಿದ ಕೂಡ್ಲೆ ಬಂದ್ ಮಾಡ್ತಾರ.”

“ದೀಪದ ಮಾತು ಆಮ್ಯಾಲೆ. ಹೋಗ್ಲಿ, ನಿಮ್ಮಪ್ಪಂದರ ಹೇಳು.”

ಅಸ್ಮಾ ಏನೂ ಹೇಳಲಿಲ್ಲ. ಆ ಮೌನವನ್ನೇ ಮಾಲೀಕರು ಉತ್ತರವೆಂದು ತಿಳಿದರು. ಮರುದಿನ ದಾಸ್ತಾನು ಕೋಣೆಗೆ ಬೀಗ ಬಿತ್ತು. ವಾರದೊಳಗೆ ಖಾಸಿಂಸಾಬರ ಮಗ್ಗದ ಮುಂದೆ ಬೇರೊಬ್ಬರು ನಿಂತಿದ್ದರು.

ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಭಾರವಾಯಿತು. ಸಹಾಯಕಿಯ ಕೆಲಸ ಬಿಡುತ್ತೇನೆಂದು ಅಪ್ಪನ ಎದುರು ಕೂತು, ತುಟಿ ಕಾಣುವಂತೆ ನಿಧಾನ ಹೇಳಿದಳು. ಖಾಸಿಂಸಾಬ ಈಗ ಮನೆಯಲ್ಲೇ ಬೇರೆಯವರ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿಕೊಡುತ್ತಾರೆ. ಅಂದು ಮಗಳಿಗೆ ಏನಂದಿರಿ ಎಂದು ನಾನು ಕೇಳಿದ್ದು ಅವರಿಗೆ ಎರಡನೆಯ ಸಲಕ್ಕೆ ಕೇಳಿಸುತ್ತದೆ.

“ನಂದು ಬರಕೊಳ್ರಿ, ಇನ್ನೇನು ಮುಚ್ಚಿಡೂದೈತಿ,” ಎಂದು ಶುರುಮಾಡುತ್ತಾರೆ. “ಎಲ್ಲಾರದೂ ಹೇಳಿ ನನ್ನೊಬ್ಬಂದು ಉಳಿಸಿದ್ದಿದ್ರ ನಾ ಆ ಮಂದಿ ಮುಂದ ಹೆಂಗ ನಿಂದ್ರತಿದ್ದೆ? ಹಿಡದ ಕೆಲಸ ಬಿಡಬ್ಯಾಡ ಅಂದೆ. ಅಷ್ಟ.”

ಆದರೂ ಅಧ್ಯಯನ ನಿಂತೇಹೋಗಿತ್ತು. ಆ ಶೆಡ್ಡಿನ ಸುದ್ದಿ ಕೇಳಿ ಬೇರೆ ಮಾಲೀಕರೂ ಬಾಗಿಲು ಹಾಕಿದರು. ಮಗ್ಗಗಳಿರುವ ಬೇರೆ ಊರು ನೋಡಿಕೊಳ್ಳೋಣವೇ ಎಂದು ಪ್ರಾಧ್ಯಾಪಕರು ಯೋಚಿಸುತ್ತಿದ್ದಾಗ, ಅದೇ ಶೆಡ್ಡಿನ ಕೆಲಸಗಾರ್ತಿ ಗುರುಸಿದ್ದವ್ವ ಒಂದು ಸಂಜೆ ಅಸ್ಮಾಳ ಮನೆಗೆ ಬಂದರು.

“ನಮ್ಮ ಮನ್ಯಾಗ ಮಾಡ್ರಿ ಅಂದ್ನಿರಿ,” ಎಂದು ಗುರುಸಿದ್ದವ್ವ ಹೇಳುತ್ತಾರೆ. “ಅಪ್ಪನ ಕೆಲಸ ಹೋದ್ರೂ ಹುಡುಗಿ ನಮ್ಮ ಮಾತು ಹೊರಗ ಬಿಡಲಿಲ್ಲ. ಇಂಥಾಕಿ ಮುಂದ ಕುಂಡ್ರಾಕ ನಮಗೇನ ಅಂಜಿಕಿ? ಕೌದಿ ಕಟ್ಟಿದಾಕಿ ನಾನ.”

ಮೊದಲ ದಿನ ಇಬ್ಬರು ಬಂದರು. ಆಮೇಲೆ ಬೇರೆ ಶೆಡ್ಡುಗಳವರೂ ಬಂದರು. ಶೆಡ್ಡಿನಲ್ಲಿದ್ದಾಗ ಪರೀಕ್ಷೆಗೆ ಒಪ್ಪದವರೂ ಈಗ ಕತ್ತಲಲ್ಲೇ ಎದ್ದು ಬಂದು ಕಟ್ಟೆಯ ಮೇಲೆ ಪಾಳಿ ಕಾಯುತ್ತಾರೆ. ಖಾಸಿಂಸಾಬರ ಹಳೆಯ ಮಾಲೀಕರು ತಮ್ಮ ಶೆಡ್ಡಿಗೆ ಕೆಂಪು ದೀಪವನ್ನೇನೋ ಹಾಕಿಸಿದ್ದಾರೆ. ಅವರನ್ನು ಮಾತ್ರ ಮರಳಿ ಕರೆದಿಲ್ಲ.

ಒಳಕೋಣೆಯಲ್ಲಿ ಪರೀಕ್ಷೆ ಮುಗಿದಿದೆ. ಅಸ್ಮಾ ಎದುರಿಗೆ ಬಂದು ಕೂತು ಕಾಕಾನ ಮುಖ ನೋಡಿ ಮಾತಾಡುತ್ತಾಳೆ. ಅವರು ಕೇಳುವುದು ಒಂದೇ ಪ್ರಶ್ನೆ. “ತಿರುಗಿ ಬರ್ತೈತೇನವಾ?”

“ಹೋದದ್ದು ಬರೂದಿಲ್ರಿ ಕಾಕಾ. ಉಳದದ್ದನ್ನ ಉಳಿಸ್ಕೊಳ್ಳೂಣು.” ಅವಳು ಸದ್ದು ತಡೆಯಲು ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬೆಂಡುಗಳನ್ನು ಅವರ ಅಂಗೈಗೆ ಹಾಕುತ್ತಾಳೆ.

“ಇದನ್ನ ಇಟಗೊಂಡ್ರ ನೂಲಿನ ಎಳಿ ಹರದಿದ್ದು ಸಪ್ಪಳದ ಮ್ಯಾಲೆ ಹೆಂಗ ಗೊತ್ತಾಗಬೇಕು?”

“ಮೊದಲಿಗೆ ತ್ರಾಸ ಆಕ್ಕೈತ್ರಿ. ಕಣ್ಣಿಗೆ ರೂಢಿ ಆಗೂತನಕ ನೋಡ್ರಿ. ಆಗಲಿಲ್ಲಂದ್ರ ನನಗ ಬಂದು ಹೇಳ್ರಿ, ಬ್ಯಾರೆ ನಮೂನಿ ತರ್ತೀನಿ.”

ಅವರು ಬೆಂಡುಗಳನ್ನು ಕಿಸೆಗೆ ಹಾಕಿಕೊಂಡು, ಅವಳ ತಲೆ ಸವರಿ ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ಓಣಿಯ ಮಗ್ಗಗಳು ಒಂದರ ಹಿಂದೊಂದು ಶುರುವಾಗುತ್ತವೆ. ಕೌದಿ ಕಟ್ಟಿದ್ದರೂ ನೆಲ ಸಣ್ಣಗೆ ಅದುರುತ್ತದೆ. ನಂದೀಶ ಯಂತ್ರವನ್ನು ಪೆಟ್ಟಿಗೆಗೆ ಇಳಿಸುತ್ತಾನೆ. ಈ ಅಧ್ಯಯನ ಅಚ್ಚಾದಾಗ ಅದರಲ್ಲಿ ಇವರಿಬ್ಬರ ಹೆಸರು ಇರುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿಲ್ಲ.

ಕೇಳಿದರೆ ಅಸ್ಮಾ ಚೀಲ ಹೆಗಲಿಗೇರಿಸುತ್ತ ಬೇರೆಯದೇ ಹೇಳುತ್ತಾಳೆ. “ಓದು ಮುಗಿದ ಮ್ಯಾಲೆ ಬೆಟಗೇರ್ಯಾಗ ನಂದೊಂದು ಖೋಲಿ ಆಗಬೇಕ್ರಿ. ದೊಡ್ಡದೇನು ಬ್ಯಾಡ. ಹೊರಗಿನ ಸಪ್ಪಳ ಒಳಗ ಬರಬಾರ್ದು. ಒಳಗ ಆಡಿದ ಮಾತು ಹೊರಗ ಹೋಗಬಾರ್ದು.”