ಮಂಚದ ಹಲಗೆಯ ಮೇಲಿನ ಕೋಟೆ

ನನ್ನ ಅತ್ತೆಗೆ ಪಜಲ್ ಹುಚ್ಚು ಹಿಡಿದದ್ದು ಒಂದು ತಪ್ಪು ತಿಳಿವಳಿಕೆಯಿಂದ. ದುಬೈಯಲ್ಲಿರುವ ಮೈದುನ ಊರಿಗೆ ಬರುವ ಅವಸರದಲ್ಲಿ ವಿಮಾನ ನಿಲ್ದಾಣದ ಅಂಗಡಿಯಿಂದ ಒಂದು ಚಂದದ ಡಬ್ಬ ಎತ್ತಿಕೊಂಡು ಬಂದಿದ್ದ. ಮುಚ್ಚಳದ ಮೇಲೆ ಹಿಮದ ಬೆಟ್ಟ, ಹಸಿರು ಹುಲ್ಲು, ಕೊರಳಿಗೆ ಗಂಟೆ ಕಟ್ಟಿದ ದನ. ಅದು ಚಾಕಲೇಟು ಎಂದು ಅವನೂ ನಂಬಿದ್ದ, ನಾವೂ ನಂಬಿದೆವು. ತಮ್ಮನ್ನು ನೋಡಲು ಬಂದಿದ್ದ ಹಿರಿಯ ನೆಂಟರೊಬ್ಬರಿಗೆ ಅತ್ತೆ ಡಬ್ಬ ತೆರೆದು ಹಿಡಿದರು. ಅವರು ಮರ್ಯಾದೆಗೆ ಒಂದೇ ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಅಗಿದು, "ಪರದೇಶದ್ದಲ್ವಾ, ಸಿಹಿ ಕಮ್ಮಿ" ಎಂದರು.

ಆಗ ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ಕುಳಿತಲ್ಲೇ ಕುಳಿತಿದ್ದ ಕಾಲ. ನೆಂಟರು ಹೋದ ಮೇಲೆ ಉಳಿದ ತುಂಡುಗಳನ್ನು ಏನು ಮಾಡುವುದೆಂದು ತಿಳಿಯದೆ ಎರಡನ್ನು ಒಂದಕ್ಕೊಂದು ಒತ್ತಿ ನೋಡಿದರು. ಸರಿಯಾಗಿ ಕೂತಿತು. ಸಂಜೆಯ ಹೊತ್ತಿಗೆ ದನದ ಮುಖ ಮೂಡಿತ್ತು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ.

ಅತ್ತೆ ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಮೀನಿನ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಂಡವರಲ್ಲ. ಪಜಲ್‌ಗೂ ಅದೇ ಪರೀಕ್ಷೆ. ಉಡುಪಿಯ ಆಟಿಕೆ ಅಂಗಡಿಯಲ್ಲಿ ಡಬ್ಬ ತೆರೆಯಲು ಬಿಡುವುದಿಲ್ಲವಾದ್ದರಿಂದ ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ಮಂದವಾಗಿ ಸದ್ದಾದರೆ ತುಂಡು ದಪ್ಪ, ಸರಸರ ಎಂದರೆ ತೆಳು. ಮನೆಗೆ ತಂದ ಮೇಲೆ ಒಂದು ತುಂಡನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಎರಡನ್ನು ಜೋಡಿಸಿ ಒಂದರ ಮೂಲೆ ಹಿಡಿದು ಮೇಲಕ್ಕೆ ಎತ್ತುತ್ತಿದ್ದರು. ಇನ್ನೊಂದು ಬೀಳದೆ ನೇತಾಡಿದರೆ ಅದು ದುಬಾರಿ ಅಂಜಲ್ ಮೀನು. ಬಿದ್ದರೆ ಅಗ್ಗದ ಬಂಗುಡೆ. ತಪ್ಪು ತುಂಡೂ ತಪ್ಪು ಜಾಗದಲ್ಲಿ ಸರಿಯಾಗಿ ಕೂರುವ ಪಜಲ್‌ಗಳು ಕೆಲವಿದ್ದವು. ಅವುಗಳಿಗೆ ಅತ್ತೆ ಕೊಟ್ಟ ಹೆಸರು "ನಿನ್ನೆಯ ಮೀನು." ಒಂದು ಸಲ ಅಂಥ ಡಬ್ಬವನ್ನು ಅಂಗಡಿಗೆ ವಾಪಸು ಒಯ್ದು, "ಇದರಲ್ಲಿ ಸುಳ್ಳು ಜೋಡಿ ಉಂಟು" ಎಂದು ವಾದ ಮಾಡಿದ್ದರು. ಅಂಗಡಿಯಾತ ಇವರು ಯಾವುದೋ ಮದುವೆಯ ವಿಷಯ ಹೇಳುತ್ತಿದ್ದಾರೆಂದು ತಿಳಿದು ಸಮಾಧಾನಪಡಿಸಿದ.

ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ಚಾ ಕೊಡಲು ಹೋದಾಗ ಒಂದು ಕೈಯಲ್ಲಿ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಒಂದು ತುಂಡು ಇಡತೊಡಗಿದೆ. ಅದು ಕೂತಾಗ ಬೆರಳಿಗೆ ಸಿಗುವ ಆ ಸಣ್ಣ ಒಪ್ಪಿಗೆ ಇದೆಯಲ್ಲ, ಇಡೀ ದಿನದಲ್ಲಿ ಬೇರೆ ಯಾವ ಕೆಲಸವೂ ನನಗೆ ಅಷ್ಟು ಸ್ಪಷ್ಟವಾಗಿ "ಸರಿ" ಎಂದು ಹೇಳುತ್ತಿರಲಿಲ್ಲ.

ಆಗ ನಾವಿದ್ದದ್ದು ಮಣಿಪಾಲದಲ್ಲಿ, ಒಂದು ಹಳೆಯ ಬಾಡಿಗೆ ಮನೆಯಲ್ಲಿ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದೆವು. ಅದರ ಗೋಡೆ ಎದ್ದ ಹೊತ್ತಿಗೆ ಸರಿಯಾಗಿ ಮೈದುನ ಐದು ಸಾವಿರ ತುಂಡಿನ ಪಜಲ್ ಕಳುಹಿಸಿದ. ಯಾವುದೋ ದೇಶದ ಕೋಟೆ, ಅದರ ಕೆಳಗೆ ಕೆರೆ, ಮೇಲೆ ಅಗತ್ಯಕ್ಕಿಂತ ಹೆಚ್ಚು ಆಕಾಶ. ಮೇಜು ಸಾಲಲಿಲ್ಲ. ಅತ್ತೆ ತೆರೆದ ಜಗಲಿಯಲ್ಲಿದ್ದ ಮಂಚದ ಹಾಸಿಗೆ ತೆಗೆಸಿ, ಅದರ ಪ್ಲೈವುಡ್ ಹಲಗೆಯ ಮೇಲೆಯೇ ಜೋಡಿಸತೊಡಗಿದರು. ಒಕ್ಕಲಿನ, ಎಂದರೆ ಗೃಹಪ್ರವೇಶದ, ಮುಹೂರ್ತ ಬಂದಾಗ ಕೋಟೆ ಮುಗಿದಿತ್ತು, ಕೆರೆ ಮುಗಿದಿತ್ತು, ಆಕಾಶ ಬಾಕಿ ಇತ್ತು.

ಒಕ್ಕಲಿನ ಹಿಂದಿನ ದಿನ ಸಾಮಾನು ಸಾಗಿಸುವುದೆಂದಾಯಿತು. ನನ್ನ ಗಂಡ ಮೆಲ್ಲಗೆ ಹೇಳಿದರು, "ಅಮ್ಮಾ, ಇದನ್ನು ಈಗ ಬಿಚ್ಚಿ ಡಬ್ಬಕ್ಕೆ ಹಾಕುವ. ಅಲ್ಲಿ ಹೋಗಿ ಪುನಃ ಮಾಡಿದರಾಯಿತು."

ನಮ್ಮ ಮನೆಯ ಮಾತು ತುಳು. ಅತ್ತೆ ಅದರಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಮನೆ ಬದಲಿಸುವಾಗ ಕೋಟೆ ಒಡೆಯುವುದು ಯಾವ ಶಾಸ್ತ್ರದಲ್ಲಿ ಉಂಟು?"

"ಹಾಗಾದರೆ ಗಮ್ ಹಾಕಿ ಅಂಟಿಸುವ."

"ಗಮ್ ಹಾಕಿದರೆ ಅದು ಗೋಡೆಗೆ ಹಾಕುವ ಪಟ. ಮತ್ತೆ ಅದರಲ್ಲಿ ಆಟ ಎಂತ ಉಂಟು?"

ಕೊನೆಗೆ ಹಲಗೆಯನ್ನು ಹಾಗೆಯೇ ಟೆಂಪೋದಲ್ಲಿ ಒಯ್ಯುವುದೆಂದು ತೀರ್ಮಾನವಾಯಿತು. ಗಾಳಿಗೆ ಹಾರದಂತೆ ಮೇಲೆ ಒಂದು ಬಿಳಿ ಬೆಡ್‌ಶೀಟ್ ಹೊದಿಸಿದೆವು. ಬಟ್ಟೆಯು ತುಂಡುಗಳಿಗೆ ಉಜ್ಜದಿರಲಿ ಎಂದು ಅತ್ತೆ ಅದರಡಿ ಒಂದು ತುದಿಯಲ್ಲಿ ದಿಂಬು, ನಡುವಿನುದ್ದಕ್ಕೆ ಸುತ್ತಿದ ಚಾಪೆ, ಇನ್ನೊಂದು ತುದಿಯಲ್ಲಿ ಆಕಾಶದ ತುಂಡುಗಳ ಎರಡು ಸ್ಟೀಲ್ ಬಟ್ಟಲು ಇಟ್ಟಿದ್ದರು. ಸುತ್ತ ಹಗ್ಗ ಬಿಗಿದೆವು. ಇಷ್ಟೆಲ್ಲ ಮಾಡುವಾಗ ಅದು ಯಾವುದರಂತೆ ಕಾಣುತ್ತದೆ ಎಂದು ನಮ್ಮಲ್ಲಿ ಯಾರೂ ಎರಡು ಹೆಜ್ಜೆ ಹಿಂದೆ ನಿಂತು ನೋಡಲಿಲ್ಲ.

ಗಂಡ ಕಾರಿನಲ್ಲಿ ಮೊದಲೇ ಹೊರಟರು. ಟೆಂಪೋದ ಹಿಂದೆ ಹಲಗೆಯ ತಲೆಯ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ, ಕಾಲಿನ ಕಡೆ ಅಕ್ಕಿ ಡಬ್ಬದ ಮೇಲೆ ನಾನು. ಡ್ರೈವರ್ ಹೊರಡುವ ಮೊದಲು ತನ್ನ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ. "ಮೆಲ್ಲ ಹೋಗು, ಅಲುಗಾಡಬಾರದು" ಎಂದು ಅತ್ತೆ ಹೇಳಿದ್ದರಿಂದ ಎತ್ತಿನ ಗಾಡಿಯ ವೇಗದಲ್ಲಿ ಹೊರಟೆವು.

ಪರ್ಕಳದಲ್ಲಿ ಸ್ಕೂಟರಿನವನೊಬ್ಬ ಬದಿಗೆ ನಿಲ್ಲಿಸಿ ಹೆಲ್ಮೆಟ್ ತೆಗೆದ. ಒಳ್ಳೆಯ ಹುಡುಗ, ದಾರಿ ಬಿಟ್ಟ ಎಂದುಕೊಂಡೆ. ಮುಂದೆ ಒಂದು ಅಂಗಡಿಯ ಮುಂದೆ ಕುಳಿತವರು ಎದ್ದು ನಿಂತರು. ಹಿರಿಯಡ್ಕದಲ್ಲಿ ಡ್ರೈವರ್ ಚಾ ಕುಡಿಯಲು ನಿಲ್ಲಿಸಿದಾಗ ಹೂ ಮಾರುವ ಹೆಂಗಸು ಹತ್ತಿರ ಬಂದು, ದುಡ್ಡು ಕೇಳದೆ ಒಂದು ಮೊಳ ಮಲ್ಲಿಗೆಯನ್ನು ಬೆಡ್‌ಶೀಟಿನ ಮೇಲೆ ಇಟ್ಟಳು. ಅತ್ತೆ ಸಂತೋಷದಿಂದ ತಲೆಯಾಡಿಸಿದರು. ಒಕ್ಕಲಿಗೆ ಶುಭ ಶಕುನ ಎಂದು ಅವರ ಎಣಿಕೆ. ಆಗ ನನಗೆ ತಟ್ಟನೆ ವಿಷಯ ಹೊಳೆಯಿತು. ಅಷ್ಟರಲ್ಲಿ ಹಿರಿಯರೊಬ್ಬರು ನನ್ನ ಪಕ್ಕ ಬಂದು ನಿಂತಿದ್ದರು.

"ಯಾರು ಹೋದದ್ದು ಮಗಾ?"

"ಯಾರೂ ಹೋಗಲಿಲ್ಲ. ಇದು ಪಜಲ್."

"ಎಷ್ಟು ಸಮಯದಿಂದ ಇತ್ತು?"

"ಐದಾರು ತಿಂಗಳಾಯಿತು," ಎಂದೆ. ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ.

ಅವರು ನಿಟ್ಟುಸಿರು ಬಿಟ್ಟರು. "ಈಗ ಹೊಸ ಹೊಸ ಕಾಯಿಲೆಗಳು. ಮಣಿಪಾಲದ ಆಸ್ಪತ್ರೆಯಲ್ಲೂ ಆಗಲಿಲ್ಲ ಅಲ್ವಾ?"

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಟೆಂಪೋ ಹೊರಟಿತು.

ಅಲ್ಲಿ ನಿಂತವರಲ್ಲಿ ನಮ್ಮ ಪರಿಚಯದವರೊಬ್ಬರು ಇದ್ದಿರಬೇಕು. ಅವರು ನನ್ನನ್ನು ಗುರುತಿಸಿದ್ದಾರೆ, ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತ ಅತ್ತೆಯನ್ನು ಗುರುತಿಸಲಿಲ್ಲ. ಹೋದದ್ದು ಅತ್ತೆಯೇ ಎಂದುಕೊಂಡು ಕಾಪುವಿನಲ್ಲಿರುವ ನನ್ನ ನಾದಿನಿಗೆ ಫೋನ್ ಮಾಡಿದರು. ನಾದಿನಿ ನನಗೆ ಮಾಡಿದಳು. ನನ್ನ ಫೋನ್ ಪಾತ್ರೆಗಳ ಮೂಟೆಯೊಳಗಿತ್ತು. ಅಣ್ಣನಿಗೆ ಮಾಡಿದಳು, ನನ್ನ ಗಂಡ ಶಾಮಿಯಾನದವರ ಜೊತೆ ಮಾತಿನಲ್ಲಿದ್ದರು. ಕೊನೆಗೆ ಬಜಗೋಳಿಯಲ್ಲಿರುವ ಸೋದರಮಾವನಿಗೆ, ಎಂದರೆ ಅತ್ತೆಯ ತಮ್ಮನಿಗೆ, ಅಳುತ್ತಾ ಸುದ್ದಿ ಮುಟ್ಟಿಸಿ ತಾನೂ ಕಾರು ಹತ್ತಿದಳು.

ಮುಂದಿನದ್ದು ಗಂಡ ಆಮೇಲೆ ಹೇಳಿದ್ದು. ಮಾವ ಬಿಳಿ ಪಂಚೆ ಉಟ್ಟು, ಹೆಗಲಿಗೆ ಬೈರಾಸು ಟವೆಲು ಹಾಕಿಕೊಂಡು, ಹೊರಲಿಕ್ಕೆ ಇರಲಿ ಎಂದು ಮೂರು ಜನರನ್ನೂ ಕರೆದುಕೊಂಡು ಹೊಸ ಮನೆಗೆ ಬಂದಿಳಿದರು. ಒಕ್ಕಲಿಗೆ ಒಂದು ದಿನ ಮೊದಲೇ ಬಂದಿದ್ದಾರೆಂದು ಗಂಡ ನಗುತ್ತಾ ಎದುರುಗೊಂಡರು. ಮಾವ ಅವರ ಹೆಗಲ ಮೇಲೆ ಕೈ ಇಟ್ಟರು.

"ಯಾವಾಗ ಆದದ್ದು?"

"ಬೆಳಿಗ್ಗೆಯೇ ಆಯಿತು. ಕಟ್ಟಿ ಲೋಡ್ ಮಾಡುವಾಗ ಸ್ವಲ್ಪ ತಡ."

"ಅಕ್ಕ ಎಲ್ಲಿ?"

"ಅಮ್ಮ ಹಿಂದೆ ಟೆಂಪೋದಲ್ಲಿ ಬರುತ್ತಿದ್ದಾರೆ."

ಮಾವ ಕಣ್ಣೊರೆಸಿಕೊಂಡರು. "ಇಲ್ಲಿಗೇ ತರುವುದಾ? ನಾಳೆ ಮುಹೂರ್ತ ಇಟ್ಟುಕೊಂಡು?"

"ಮತ್ತೆ ಎಲ್ಲಿಗೆ ಮಾವ? ಸ್ವಂತ ಮನೆ ಉಂಟಲ್ಲ. ಎಲ್ಲರೂ ಕುಳಿತು ಜ್ಯೂಸ್ ಕುಡಿಯಿರಿ."

ಸೋದರಳಿಯನ ತಲೆಗೆ ದುಃಖ ಹತ್ತಿದೆ ಎಂದು ಮಾವ ಜೊತೆಯವರಿಗೆ ಕಣ್ಸನ್ನೆ ಮಾಡಿದರಂತೆ. ಜ್ಯೂಸ್ ಯಾರೂ ಮುಟ್ಟಲಿಲ್ಲ.

ಅಷ್ಟರಲ್ಲಿ ನಮ್ಮ ಟೆಂಪೋ ಗೇಟಿನ ಮುಂದೆ ನಿಂತಿತು. ಮಾವ ಕೈಮುಗಿದುಕೊಂಡು ಮುಂದೆ ಬಂದರು. ಮಲ್ಲಿಗೆ ನೋಡಿದರು, ಬಿಳಿ ಬಟ್ಟೆ ನೋಡಿದರು, ಆಮೇಲೆ ತಲೆಯೆತ್ತಿ ಕುರ್ಚಿಯ ಮೇಲೆ ಕುಳಿತ ಅಕ್ಕನನ್ನು ನೋಡಿದರು.

"ಅಕ್ಕಾ, ನೀನು ಇದ್ದೀಯಾ?"

"ಇರದೆ ಎಲ್ಲಿಗೆ ಹೋಗಲಿ? ಬಂದದ್ದು ಒಳ್ಳೆಯದಾಯಿತು, ಹಿಡಿ ಈ ಕಡೆ. ಓರೆ ಮಾಡಬೇಡ."

ಮಾವ ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ಮನೆಯಲ್ಲಿ ಇನ್ನು ಯಾರಿದ್ದಾರೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ಕಾಣುತ್ತಿತ್ತು. "ಹಾಗಾದರೆ ಇದು ಯಾರು?"

ಅತ್ತೆ ಬೆಡ್‌ಶೀಟಿನ ಒಂದು ಮೂಲೆ ಎತ್ತಿ ತೋರಿಸಿದರು. ಮಾವ ಬಗ್ಗಿ ತುಂಬ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. "ಆಕಾಶ ಬಾಕಿ ಉಂಟು," ಎಂದರು.

ಹೊರಲು ಬಂದಿದ್ದ ನಾಲ್ವರೂ ಹೊತ್ತರು. ಬಂದ ಕೆಲಸವನ್ನೇ ಮಾಡಿದರು ಎನ್ನಬೇಕು. ಆದರೆ ಬಾಗಿಲ ಹತ್ತಿರ ಹೋದಾಗ ತಿಳಿಯಿತು, ಹಲಗೆ ಬಾಗಿಲಿಗಿಂತ ಅಗಲ. ಓರೆ ಮಾಡಿದರೆ ಕೋಟೆ ಕುಸಿಯುತ್ತದೆ. ಎರಡು ಭಾಗ ಮಾಡೋಣ ಎಂದು ಗಂಡ ಹೇಳಿದಾಗ ಅತ್ತೆ ಕಾರಿನ ಶೆಡ್ ಕಡೆಗೆ ಕೈ ತೋರಿಸಿದರು. ಅಲ್ಲಿ ನಾಲ್ಕು ಸ್ಟೂಲಿನ ಮೇಲೆ ಹಲಗೆ ಇಳಿಸಿದೆವು. ಕಾರು ರಸ್ತೆಯಲ್ಲಿ ನಿಂತಿತು.

ಆಗ ನಾದಿನಿ ಬಂದಳು. ಕಾರಿನಿಂದ ಇಳಿಯುವಾಗಲೇ ಅಳುತ್ತಿದ್ದಳು. ಶೆಡ್‌ನಲ್ಲಿ ಬಿಳಿ ಬಟ್ಟೆ ಕಂಡು ಕುಸಿದು ಕುಳಿತಳು. ಅತ್ತೆ ಅವಳ ತಲೆ ಸವರಿ, "ಎಂತ ಆಯಿತು ಮಗಾ? ಗಂಡನ ಮನೆಯಲ್ಲಿ ಎಂತಾದರೂ ಹೇಳಿದರಾ?" ಎಂದು ಕೇಳಿದರು. ನಾದಿನಿ ತಾಯಿಯನ್ನು ಅಪ್ಪಿಕೊಂಡಳು, ಆಮೇಲೆ ಹೊಡೆಯುವಷ್ಟು ಸಿಟ್ಟಾದಳು, ಆಮೇಲೆ ಮನೆಯೊಳಗೆ ಕಾಲಿಡಲು ಒಪ್ಪಲಿಲ್ಲ.

"ಸ್ನಾನ ಮಾಡದೆ ಬರುವುದಿಲ್ಲ. ನಾಳೆ ಒಕ್ಕಲು."

"ಯಾರೂ ಸತ್ತಿಲ್ಲ. ಸೂತಕ ಎಲ್ಲಿಂದ?"

"ನಾನು ಕಾಪುವಿನಿಂದ ಇಲ್ಲಿಯ ತನಕ ಅತ್ತದ್ದು ಸುಳ್ಳಾ?"

ಪಕ್ಕದ ಮನೆಯಲ್ಲಿ ಕೊಂಕಣಿ ಮಾತನಾಡುವ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ, ಊರಿಗೆಲ್ಲ ಟೀಚರ್. ಅವರೇ ತಮ್ಮ ಬಚ್ಚಲಿನಲ್ಲಿ ಬಿಸಿನೀರು ಕೊಟ್ಟರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅವರು ಆಗಲೇ ದೊಡ್ಡ ಫ್ಲಾಸ್ಕಿನಲ್ಲಿ ಚಾ, ಒಂದು ಬುಟ್ಟಿ ಬನ್ಸ್ ತಂದಿಟ್ಟಿದ್ದರು. ನಡೆದದ್ದು ತಿಳಿದ ಮೇಲೆ ವಾಪಸು ಒಯ್ಯುವುದೋ ಬಿಡುವುದೋ ಎಂದು ಬಾಗಿಲಲ್ಲಿ ನಿಂತರು. ನಾನು ಹೇಳಿದೆ, "ಟೀಚರ್, ಇಲ್ಲಿಯೇ ಇರಲಿ. ಹಾಲು ಉಕ್ಕಿಸುವ ಮೊದಲು ನಾವು ಒಲೆ ಹಚ್ಚುವ ಹಾಗಿಲ್ಲ."

ಹೀಗೆ ನಾವೆಲ್ಲ ಶೆಡ್‌ನಲ್ಲಿ ಹಲಗೆಯ ಸುತ್ತ ನಿಂತು ಬನ್ಸ್ ತಿಂದೆವು. ಅತ್ತೆ ಎಲ್ಲರಿಗೂ ಮೊದಲು ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು.

ಒಕ್ಕಲು ಚೆನ್ನಾಗಿಯೇ ಆಯಿತು. ಸಾವಿನ ಸುದ್ದಿ ಕೇಳಿ, ಅದು ಸುಳ್ಳೆಂದೂ ಕೇಳಿ, ಕುತೂಹಲಕ್ಕೆ ಬಂದವರಿಂದ ಊಟದ ಪಂಕ್ತಿ ಒಂದು ಹೆಚ್ಚಾಯಿತು. ಎಲ್ಲರೂ ಹೊಸ ಮನೆಗಿಂತ ಶೆಡ್ಡನ್ನೇ ಹೆಚ್ಚು ಹೊತ್ತು ನೋಡಿದರು. ಪುರೋಹಿತರು ಕೂಡ ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವಾಗ ನಿಂತು, "ಆ ತುಂಡು ಹಾಗಲ್ಲ, ತಿರುಗಿಸಿ ಇಡಿ" ಎಂದರು. ತಿರುಗಿಸಿ ಇಟ್ಟಾಗ ಕೂತಿತು.

ಬಜಗೋಳಿಯ ಮಾವ ಊಟ ಮಾಡಿ ಹೊರಡುತ್ತೇನೆ ಎಂದವರು ವಾರವಾದರೂ ಹೊರಡಲಿಲ್ಲ. ಬೆಳಿಗ್ಗೆ ಎದ್ದರೆ ಶೆಡ್. ಬಣ್ಣ ನೋಡಿ ವಿಂಗಡಿಸಬೇಕೆಂದು ಅತ್ತೆ, ಆಕಾಶದಲ್ಲಿ ಬಣ್ಣವೇ ಇಲ್ಲ, ಆಕಾರ ನೋಡಿ ವಿಂಗಡಿಸಬೇಕೆಂದು ಮಾವ. ಅಕ್ಕ ತಮ್ಮ ಇಬ್ಬರೂ ಹಲಗೆಯ ಎರಡು ಕಡೆ ಕುಳಿತು ಮಾತು ಬಿಟ್ಟಿದ್ದರು. ಚಾ ಬೇಕೆಂದರೂ ನನ್ನ ಮೂಲಕ ಕೇಳುವುದು. ನಾನು ನಡುವೆ ಬಗ್ಗಿ ಇಬ್ಬರಿಗೂ ಕಾಣದ ಒಂದೊಂದು ತುಂಡು ಇಟ್ಟು ಬರುತ್ತಿದ್ದೆ.

ಒಂದು ಮಧ್ಯಾಹ್ನ ಆಕಾಶ ಮುಗಿಯಿತು. ಕೊನೆಯ ತುಂಡನ್ನು ಇಟ್ಟದ್ದು ಯಾರು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಗಂಡ ಫೋಟೋ ತೆಗೆಯಲು ಫೋನ್ ತರುತ್ತೇನೆಂದು ಒಳಗೆ ಹೋದರು. ಅತ್ತೆ ಹಲಗೆಯ ಸುತ್ತ ಒಂದು ಸುತ್ತು ಬಂದು, ಮೂಲೆಗಳನ್ನು ಒತ್ತಿ ನೋಡಿ, "ಕೆರೆ ಚಂದ ಉಂಟು. ಆಕಾಶಕ್ಕೆ ಅಷ್ಟು ಖರ್ಚು ಮಾಡಬೇಕಾಗಿರಲಿಲ್ಲ" ಎಂದರು. ಆಮೇಲೆ ಎರಡೂ ಕೈ ಅಗಲಿಸಿ ಇಡೀ ಕೋಟೆಯನ್ನು ಬಳಿದು ಡಬ್ಬಕ್ಕೆ ಸುರಿದರು.

ನಾನು ಕೇಳಿದೆ, "ಅತ್ತೆ, ಒಡೆಯುವುದೇ ಆದರೆ ಮಣಿಪಾಲದಲ್ಲೇ ಒಡೆಯಬಹುದಿತ್ತಲ್ಲ?"

ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಅಲ್ಲಿ ಮುಗಿದಿರಲಿಲ್ಲವಲ್ಲ."

ಫೋನ್ ಹಿಡಿದು ಹೊರಗೆ ಬಂದ ಗಂಡ ಖಾಲಿ ಹಲಗೆಯನ್ನು ನೋಡಿ ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಕಾರನ್ನು ಶೆಡ್‌ಗೆ ತರಲು ಹೋದರು. ಮಾವ ಡಬ್ಬವನ್ನು ಬೈರಾಸಿನಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಬಜಗೋಳಿಗೆ ಹೊರಟರು. ನಾನು ಹಲಗೆಯನ್ನು ಓರೆ ಮಾಡಿ ಒಬ್ಬಳೇ ಒಳಗೆ ಒಯ್ದೆ. ಬಾಗಿಲಲ್ಲಿ ಎಲ್ಲಿಯೂ ತಾಗಲಿಲ್ಲ.