ಜಮೈಕಾದ ತೊಗರಿ ಹೊಲದಲ್ಲಿ ಅಕ್ಕ

ಕಿಂಗ್‌ಸ್ಟನ್ನಿನಲ್ಲಿ ಇಳಿದಾಗ ಜನವರಿಯ ಬಿಸಿಲು ನಮ್ಮ ಕಡೆಯ ಶಿವರಾತ್ರಿಯ ಬಿಸಿಲಿನಂತಿತ್ತು. ವಿಜಯಪುರದಿಂದ ಮುಂಬೈಗೆ ಬಸ್ಸು, ಅಲ್ಲಿಂದ ಎರಡು ವಿಮಾನ. ಅಷ್ಟು ದೂರವೂ ಹೊನವಾಡದ ನಮ್ಮಕ್ಕ ಶಾಂತಾ ಒಣಗಿಸಿದ ಕಟಕ ರೊಟ್ಟಿಯ ಗಂಟನ್ನು ಕೈಬಿಟ್ಟಿರಲಿಲ್ಲ. ಅವಳ ಮಗಳು ಜ್ಯೋತಿ ಜಮೈಕಾದ ಈ ರಾಜಧಾನಿಯಲ್ಲಿ ನರ್ಸ್.

"ಎಷ್ಟ ಸೊರಗೀಯವ್ವಾ," ಎಂದಳು ಅಕ್ಕ ಮಗಳನ್ನು ನೋಡಿ.

"ಇಲ್ಬೇ ಯವ್ವಾ, ದಪ್ಪ ಆಗೇನಿ."

ಆ ಸಂಜೆ ಜ್ಯೋತಿ ನನ್ನನ್ನು ಅಂಗಳಕ್ಕೆ ಕರೆದಳು. ಕೆಲಸದ ಕರಾರು ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷ ಇರಲು ಅವಳಿಗೆ ಮನಸ್ಸಿತ್ತು. ಅಕ್ಕ ಮಾತ್ರ ಮಗಳು ಊರಿಗೆ ಬಂದೇ ಬರುತ್ತಾಳೆ ಎಂದುಕೊಂಡಿದ್ದಳು. "ಅವ್ವಗ ಈ ದೇಶ ಹಿಡಸ್ಲಿಲ್ಲಂದ್ರ ನಾ ಸಹಿ ಮಾಡಂಗಿಲ್ಲ, ಮಾಮಾ."

ಅವಳಿಗಿದ್ದದ್ದು ನಾಲ್ಕು ದಿನದ ರಜೆ. ಉತ್ತರ ದಂಡೆಯ ದೊಡ್ಡ ಹೋಟೆಲೆಂದರೆ ತಾಯಿಗೆ ಸುಖ ಎಂದು ಅವಳ ಲೆಕ್ಕ. ಗೋಲಗುಮ್ಮಟ ನೋಡಿ ರೈಲು ಹತ್ತಿದವರು ನಮ್ಮ ಜಿಲ್ಲೆ ನೋಡಿದಂತಲ್ಲ, ದಕ್ಷಿಣದ ಒಕ್ಕಲುತನದ ಸೀಮೆಗೇ ಹೋಗೋಣ ಎಂದು ನನ್ನ ವಾದ.

"ವಿಜಯಪುರದ ಜಲನಗರದ ನಿಮ್ಮ ಮನಿಯಿಂದ ಹೊನವಾಡಕ್ಕ ವರ್ಷಕ್ಕ ಎಷ್ಟ ಸಲ ಬರ್ತೀರಿ ಮಾಮಾ? ಇಲ್ಲಿ ಬಂದು ಹಳ್ಳಿ ಬೇಕಂತ."

ನಾನು ಹಳ್ಳಿ ಕೇಳಿದ್ದು ಅಕ್ಕನಿಗಾಗಿಯೋ, ಊರಿನಲ್ಲಿ ಹೇಳಿಕೊಳ್ಳಲೋ ಈಗಲೂ ಖಚಿತವಿಲ್ಲ. ಕೊನೆಗೆ ಎರಡು ದಿನ ಹೋಟೆಲಿನಲ್ಲಿ, ಎರಡು ದಿನ ದಕ್ಷಿಣದಲ್ಲಿ ಎಂದು ಒಪ್ಪಂದವಾಯಿತು.

ಹೋಟೆಲಿನಲ್ಲಿ ಅಲ್ಲಿಯ ಅತಿಥಿಗಳೆಂಬ ಗುರುತಿಗೆ ನಮ್ಮ ಮುಂಗೈಗೆ ಬಣ್ಣದ ಪಟ್ಟಿ ಕಟ್ಟಿದರು. ಅಕ್ಕ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ಸಮುದ್ರದಲ್ಲಿ ನಿಂತು ನಕ್ಕಳು. ಆ ನಗೆಯನ್ನು ನಾನು ಮರೆಯುವಂತಿಲ್ಲ, ಏಕೆಂದರೆ ಅದು ನನ್ನ ವಾದಕ್ಕೆ ವಿರುದ್ಧವಾಗಿತ್ತು. ಆದರೆ ಎರಡನೆಯ ಸಂಜೆ ಅವಳೇ ಅಂದಳು: "ಎಲ್ಲಾ ಛಲೋ ಐತಿ. ಆದ್ರ ಇಲ್ಲಿ ಯಾರದರೆ ಮನಿ ಐತೇನು? ಎಲ್ಲಾರೂ ಗಂಟು ಕಟ್ಕೊಂಡು ಹೋಗಾವ್ರ." ಜ್ಯೋತಿಯ ಮುಖ ಸಣ್ಣದಾಯಿತು.

ಮರುದಿನ ಟ್ಯಾಕ್ಸಿಯಲ್ಲಿ ಗುಡ್ಡ ದಾಟಿದೆವು. ಗುಡ್ಡದ ಮೇಲೆ ಮಳೆ, ಆಚೆ ಇಳಿದರೆ ಒಣ ಗಾಳಿ, ಕೆಂಪು ನೆಲ. ಹಸಿ ಆರದಂತೆ ಮಣ್ಣಿನ ಮೇಲೆಲ್ಲ ಒಣಹುಲ್ಲು ಹರಡಿದ್ದರು. "ಮಣ್ಣಿಗೆ ಹಾಸಿಗಿ ಹಾಸ್ಯಾರ ನೋಡ್ರಿ," ಎಂದು ಅಕ್ಕ ಕಾರಿನ ಕಿಟಕಿ ಇಳಿಸಿದಳು. ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಉಳಿದೆವು. ಬೆಳಿಗ್ಗೆ ಬೇಯಿಸಿದ ಗೆಣಸಿನ ಜೊತೆ ರಾಜಗಿರಿಯಂಥದೇ ಸೊಪ್ಪಿನ ಪಲ್ಯ ಕೊಟ್ಟರು. ಅಕ್ಕ ಎರಡು ಸಲ ಹಾಕಿಸಿಕೊಂಡಳು.

ಉಂಡು ಅಡ್ಡಾಡಲು ಹೊರಟೆವು. ದಾರಿಬದಿಯ ಹೊಲದಲ್ಲಿ ತೊಗರಿ ನಿಂತಿತ್ತು, ಕಾಯಿ ತುಂಬಿ. ನಮ್ಮ ಕಡೆ ತಿಕೋಟಾದಿಂದ ಬಬಲೇಶ್ವರದವರೆಗೆ ಯಾರದೇ ಬದುವಿನಲ್ಲಿ ನಡೆಯುವವರು ಒಂದು ಹಿಡಿ ಹಸಿಕಾಯಿ ಕಿತ್ತು ತಿಂದರೆ ಯಾರೂ ಕೇಳುವುದಿಲ್ಲ. ಅಕ್ಕ ಕಿತ್ತಳು, ನನಗೂ ಕೊಟ್ಟಳು. ಇಬ್ಬರೂ ಸುಲಿಯುತ್ತ ನಿಂತಿದ್ದಾಗ ಹೊಲದೊಡತಿ ಉದ್ದ ಮಚ್ಚು ಹಿಡಿದು ಕೂಗುತ್ತ ಬಂದಳು. ಆ ಸೀಮೆಯಲ್ಲಿ ಬೆಳೆಗಳ್ಳರ ಕಾಟ ವಿಪರೀತವೆಂದು ನಮಗೇನು ಗೊತ್ತು? ನಾನು ಇಂಗ್ಲಿಷಿನಲ್ಲಿ ತೊದಲಿದೆ. ಅಕ್ಕ ಕಾಯಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಅದರಿಂದ ಇನ್ನೂ ಕೆಟ್ಟಿತು.

ಜ್ಯೋತಿ ನಮ್ಮನ್ನು ಹಿಂದೆ ಸರಿಸಿ ಮುಂದೆ ನಿಂತಳು. ಸೊಂಟದ ಮೇಲೆ ಕೈ, ಅಲ್ಲಿಯವರದೇ ಆಡುಮಾತು. ಒಡತಿ ದನಿ ಏರಿಸಿದಷ್ಟೂ ಜ್ಯೋತಿಯೂ ಏರಿಸಿದಳು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಇದ್ದಕ್ಕಿದ್ದಂತೆ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಜ್ಯೋತಿ ಹೇಳಿದ್ದು ಆಗ ನನಗೆ ಒಂದಕ್ಷರವೂ ತಿಳಿದಿರಲಿಲ್ಲ. ಆಮೇಲೆ ಅವಳಿಂದ ಕೇಳಿದ್ದನ್ನೇ ಬರೆಯುತ್ತಿದ್ದೇನೆ. "ನಮ್ಮವ್ವ ನಿನ್ನ ಹೊಲದಲ್ಲಿ ತನ್ನ ಹೊಲ ಕಂಡಳು. ಬೈಯುವುದಾದರೆ ಬೈ. ಮಚ್ಚು ಮಾತ್ರ ಇಳಿಸು. ಗಾಯವಾದರೆ ಹೊಲಿಯಬೇಕಾದವಳು ನಾನು, ನಾನು ರಜೆಯಲ್ಲಿದ್ದೇನೆ."

ಒಡತಿ ನಮ್ಮನ್ನು ಮಾವಿನ ಗಿಡದ ನೆರಳಿಗೆ ಕರೆದೊಯ್ದಳು. ಅಕ್ಕ, ಅವಳು ಕೂಡಿ ಬುಟ್ಟಿ ತುಂಬ ಕಾಯಿ ಸುಲಿದರು. ಅವಳು ಅನ್ನದೊಳಗೆ ಕಾಳು, ತೆಂಗಿನ ಹಾಲು ಹಾಕಿ ಬೇಯಿಸುತ್ತಾಳಂತೆ. "ಶೇಂಗಾಪುಡಿ ಹಾಕಂತ ಹೇಳು ಅಕಿಗೆ," ಎಂದಳು ಅಕ್ಕ.

ಕಿಂಗ್‌ಸ್ಟನ್ನಿಗೆ ಮರಳುವ ಟ್ಯಾಕ್ಸಿಯಲ್ಲಿ ಅಕ್ಕ ಮಗಳನ್ನು ಕೇಳಿದಳು: "ಸಹಿ ಯಾವಾಗ ಮಾಡ್ತೀ?"

ನಾವಿಬ್ಬರೂ ಬೆಚ್ಚಿದೆವು.

"ಅಂಗಳದಾಗ ನಿಂತು ಮಾತಾಡಿದ್ರ ಒಳಗ ಕೇಳಸಂಗಿಲ್ಲೇನು? ಊರಾಗ ಇಕಿ ಕಂಡಕ್ಟರ್ ಮುಂದೂ ಬಾಯಿ ಬಿಡ್ತಿದ್ದಿಲ್ಲ, ತಮ್ಮಾ. ಇಲ್ಲಿ ಜಗಳಾ ಆಡಿ ನಗಿಸಿ ಬಂದಾಳ. ಇರ್ಲಿ ಬಿಡು."

ನನ್ನ ಎದೆ ಹಗುರಾಯಿತು. ನಾನು ಆರಿಸಿದ ಸೀಮೆಯೇ ಗೆದ್ದಿತು ಎನ್ನಲು ಮಾತ್ರ ನಾಲಿಗೆ ಏಳದು. ಅಲ್ಲಿ ನಾನು ಮಾಡಿದ್ದೆಂದರೆ ತೊದಲಿದ್ದು.

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ತಿರುಗಿ ನೋಡಿದೆ. ಜ್ಯೋತಿ ಟ್ಯಾಕ್ಸಿಯವನೊಡನೆ ಏನೋ ತಕರಾರು ತೆಗೆದಿದ್ದಳು. ಅಕ್ಕ ಆ ಅರ್ಥವಾಗದ ಮಾತನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಒಳಗೆ ನಡೆದಳು.